ಸುಕ್ಕಿಗೆ ಮದ್ದು, ರಾತ್ರಿ ಹಚ್ಚುವ ಆಮ್ಲ

ಅಮೆರಿಕದ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' 2012ರಲ್ಲಿ 69 ವರ್ಷದ ಚಾಲಕನೊಬ್ಬನ ಭಾವಚಿತ್ರ ಪ್ರಕಟಿಸಿತು. ಮುಖದ ಬಲಭಾಗ ವಯಸ್ಸಿಗೆ ತಕ್ಕಂತಿದೆ. ಎಡಭಾಗ ಮಾತ್ರ ಉತ್ತ ಹೊಲದಂತೆ ಗೆರೆಗೆರೆಯಾಗಿ ಜೋತುಬಿದ್ದಿದೆ. ಒಂದೇ ಮುಖಕ್ಕೆ ಎರಡು ವಯಸ್ಸು! ಆತ 28 ವರ್ಷ ಸರಕು ಸಾಗಣೆಯ ಲಾರಿ ಓಡಿಸಿದವನು. ಅಲ್ಲಿ ಚಾಲಕ ಕೂರುವುದು ಎಡಕ್ಕೆ. ಕಿಟಕಿಯ ಗಾಜು ಬಿಸಿಲಿನ ನೇರಳಾತೀತ ಕಿರಣಗಳಲ್ಲಿ 'ಬಿ' ವರ್ಗದವನ್ನು ಬಹುಮಟ್ಟಿಗೆ ತಡೆದು, 'ಎ' ವರ್ಗದವನ್ನು ಒಳಬಿಡುತ್ತದೆ. (ನಮ್ಮ ಬಸ್ಸು, ಲಾರಿಗಳ ಚಾಲಕರಿಗೆ ಬಿಸಿಲು ಬಡಿಯುವುದು ಬಲಗೆನ್ನೆಗೆ.) ಬಿಸಿಲಿನಿಂದ ರಕ್ಷಣೆಯ ಜೊತೆಗೆ ವೈದ್ಯರು ಆತನಿಗೆ ಸೂಚಿಸಿದ್ದು ರೆಟಿನಾಯ್ಡ್ ಲೇಪ.

ಚರ್ಮದ ಒಳಪದರದಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳಿವೆ. ಹಗ್ಗದ ಮಂಚಕ್ಕೆ ಬಿಗಿದ ಹುರಿಯಂತೆ ಅವು ಚರ್ಮವನ್ನು ಬಿಗಿಯಾಗಿ ಹಿಡಿದಿರುತ್ತವೆ. ಬಿಸಿಲು ಬಿದ್ದಾಗ ಜೀವಕೋಶಗಳು ಈ ಎಳೆಗಳನ್ನು ಕತ್ತರಿಸುವ ಕಿಣ್ವಗಳನ್ನು ಹೆಚ್ಚಾಗಿ ತಯಾರಿಸುತ್ತವೆ. ಹುರಿ ಸಡಿಲಾದ ಮಂಚ ಜೋಲುವುದು ಸಹಜವೇ. ಜೀವಸತ್ವ 'ಎ'ಯ ಆಮ್ಲರೂಪವಾದ ಟ್ರೆಟಿನಾಯಿನ್ ಕೋಶದ ಬೀಜಕೇಂದ್ರಕ್ಕೆ ಹೋಗಿ, ಅಲ್ಲಿನ ಗ್ರಾಹಕಗಳಿಗೆ ಅಂಟಿಕೊಂಡು ಆ ಕಿಣ್ವಗಳ ತಯಾರಿಕೆಯನ್ನು ತಗ್ಗಿಸುತ್ತದೆ. ಹೊಸ ಎಳೆ ನೇಯಲು ಪ್ರಚೋದಿಸುತ್ತದೆ. ಕ್ಯಾರೆಟ್ ತಿಂದರೆ ಇದೇ ಫಲ ಸಿಗದೇ ಎಂದು ಕೇಳುವವರಿದ್ದಾರೆ. ಇಲ್ಲ. ಕ್ಯಾರೆಟ್ಟಿನಿಂದ ಇರುಳುಗುರುಡು ತಪ್ಪೀತು, ಸುಕ್ಕು ಹೋಗದು.

ಈ ಮದ್ದು ಬಂದದ್ದು ಮೊಡವೆಗಾಗಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್‌ಮನ್ ಅದನ್ನು ಮೊಡವೆಗೆ ಬಳಕೆಗೆ ತಂದರು. 1971ರಲ್ಲಿ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ಮೊಡವೆಗೆಂದು ಹಚ್ಚಿಕೊಂಡ ನಡುವಯಸ್ಸಿನವರ ಚರ್ಮ ನುಣುಪಾಗುತ್ತಿರುವುದು ಆಮೇಲೆ ಗಮನಕ್ಕೆ ಬಂತು. ಕ್ಲಿಗ್‌ಮನ್ ಹೆಸರಿನೊಂದಿಗೆ ಒಂದು ಕಳಂಕವೂ ಇದೆ. 1950ರ ದಶಕದಿಂದ 1974ರವರೆಗೆ ಫಿಲಡೆಲ್ಫಿಯಾದ ಹೋಮ್ಸ್‌ಬರ್ಗ್ ಜೈಲಿನಲ್ಲಿ ಅವರು ಕೈದಿಗಳ ಮೈಮೇಲೆ ನಾನಾ ಪ್ರಯೋಗ ನಡೆಸಿದರು. ಪ್ರಯೋಗಕ್ಕೆ ಒಡ್ಡಿಕೊಂಡವರಲ್ಲಿ ಹೆಚ್ಚಿನವರು ಕಪ್ಪುಜನ. ವಿಶ್ವವಿದ್ಯಾಲಯದ ವೈದ್ಯಕೀಯ ವಿಭಾಗ ಕ್ಷಮೆ ಕೇಳಿದ್ದು 2021ರಲ್ಲಿ, ಅವರು ತೀರಿಕೊಂಡು 11 ವರ್ಷವಾದ ಮೇಲೆ.

ಸುಕ್ಕಿನ ವಿಷಯದಲ್ಲಿ ಗಟ್ಟಿ ಪುರಾವೆ ಒದಗಿದ್ದು 1988ರಲ್ಲಿ. ಮಿಶಿಗನ್ ವಿಶ್ವವಿದ್ಯಾಲಯದ ತಂಡ ಪ್ರತಿಯೊಬ್ಬರ ಒಂದು ಮುಂಗೈಗೆ ಮದ್ದಿನ ಲೇಪ, ಇನ್ನೊಂದಕ್ಕೆ ಮದ್ದಿಲ್ಲದ ಲೇಪ ಹಚ್ಚಿಸಿತು. ಯಾವುದು ಯಾವುದೆಂದು ವೈದ್ಯರಿಗೂ ಗೊತ್ತಿಲ್ಲ. 16 ವಾರ ಪೂರೈಸಿದ 30 ಮಂದಿಯಲ್ಲೂ ಮದ್ದು ಹಚ್ಚಿದ ಕೈ ಸುಧಾರಿಸಿತ್ತು. ಆದರೆ 100ಕ್ಕೆ 92 ಮಂದಿಗೆ ಚರ್ಮ ಕೆಂಪಾಗಿ ಉರಿದಿತ್ತು. ಸುದ್ದಿ ಹಬ್ಬಿದ್ದೇ ತಡ, ಅಲ್ಲಿನ ಔಷಧಿ ಅಂಗಡಿಗಳಿಗೆ ಜನ ಮುಗಿಬಿದ್ದರು. ಓದಿದ್ದು 30ರ ಲೆಕ್ಕ, ಮರೆತದ್ದು 92ರ ಲೆಕ್ಕ!

ಆ ಪ್ರಯೋಗದ ಲೇಪದಲ್ಲಿದ್ದ ಮದ್ದು ಶೇ. 0.1. ಇಂದು ಶೇ. 0.025ರಿಂದ ಆರಂಭಿಸುವುದು ವಾಡಿಕೆ. ಅಂದರೆ 20 ಗ್ರಾಂ ಟ್ಯೂಬಿನಲ್ಲಿ ಮದ್ದು ಬರೀ 5 ಮಿಲಿಗ್ರಾಂ. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಲೇಪ ಸಾಕು. ಮುಖ ತೊಳೆದು, ಪೂರ್ತಿ ಒಣಗಿಸಿ, ಕಣ್ಣು, ತುಟಿ, ಮೂಗಿನ ಅಂಚು ಬಿಟ್ಟು ತೆಳುವಾಗಿ ಹಚ್ಚಬೇಕು. ಮೊದಮೊದಲು ಎರಡು ಮೂರು ದಿನಕ್ಕೊಮ್ಮೆ. ಬೆಳಕಿಗೆ ಈ ಆಮ್ಲ ಕೆಡುತ್ತದೆ. ರಾತ್ರಿ ಹಚ್ಚಲು ಅದೂ ಒಂದು ಕಾರಣ. ಮೊದಲ ವಾರಗಳಲ್ಲಿ ಸಿಪ್ಪೆ ಏಳುತ್ತದೆ, ಚುರುಗುಟ್ಟುತ್ತದೆ. ಅನೇಕರು ಇಲ್ಲಿಯೇ ಕೈಬಿಡುತ್ತಾರೆ. ಸಣ್ಣ ಗೆರೆಗಳು ಮಸುಕಾಗಲು ಮೂರು ತಿಂಗಳಿಂದ ಆರು ತಿಂಗಳು ಬೇಕು. ಆಳವಾದ ಮಡಿಕೆ, ಜೋತ ಗಲ್ಲ ಇದಕ್ಕೆ ಬಗ್ಗುವುದಿಲ್ಲ. ಹಗಲು ಸನ್‌ಸ್ಕ್ರೀನ್ ಇಲ್ಲದೆ ಬಿಸಿಲಲ್ಲಿ ತಿರುಗುವವರು ಇದನ್ನು ಹಚ್ಚದಿರುವುದೇ ಮೇಲು. ಗರ್ಭಿಣಿಯರು, ಗರ್ಭ ಧರಿಸಲು ಬಯಸುವವರು ಮುಟ್ಟಬಾರದು. ಸೌಂದರ್ಯವರ್ಧಕಗಳಲ್ಲಿ ಬರುವ ರೆಟಿನಾಲ್ ಇದರ ಸೌಮ್ಯ ನೆಂಟ. ಚರ್ಮದೊಳಗೆ ಎರಡು ಹಂತ ದಾಟಿದ ಮೇಲಷ್ಟೇ ಆಮ್ಲವಾಗುವುದರಿಂದ ಅದರ ಬಲ ಕಡಿಮೆ.

ನಮ್ಮಲ್ಲಿ ಹೆಚ್ಚು ಅಪಾಯ ಬೇರೆ ಕಡೆ ಇದೆ. ಟ್ರೆಟಿನಾಯಿನ್, ಹೈಡ್ರೋಕ್ವಿನೋನ್ ಜೊತೆಗೆ ಸ್ಟಿರಾಯ್ಡ್ ಬೆರೆಸಿದ ಮುಲಾಮುಗಳು ಭಂಗಿನ ಕಲೆಗೆ ಅಲ್ಪಕಾಲ ಬಳಸಲೆಂದು ಬಂದವು. ಬೆಳ್ಳಗಾಗುವ ಕ್ರೀಮೆಂದು ಕೈಯಿಂದ ಕೈಗೆ ದಾಟಿದವು. ತಿಂಗಳುಗಟ್ಟಲೆ ಹಚ್ಚಿದರೆ ಸ್ಟಿರಾಯ್ಡ್ ಚರ್ಮವನ್ನು ತೆಳ್ಳಗಾಗಿಸಿ, ರಕ್ತನಾಳಗಳು ಕಾಣುವಂತೆ ಮಾಡುತ್ತದೆ. ಬಿಟ್ಟರೆ ಮುಖ ಕೆಂಡದಂತೆ ಉರಿಯುವುದರಿಂದ ಬಿಡಲೂ ಆಗದು. 2018ರಲ್ಲಿ ಕೇಂದ್ರ ಸರ್ಕಾರ ಸ್ಟಿರಾಯ್ಡ್ ಮುಲಾಮುಗಳಿಗೂ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಅಂಗಡಿಯವನು ಚೀಟಿ ಕೇಳದೆ ಟ್ಯೂಬು ಕೊಟ್ಟರೆ, ಮೇಲಿನ ಸಣ್ಣಕ್ಷರಗಳಲ್ಲಿ ಮೊಮೆಟಾಸೋನ್, ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಎಂಬ ಹೆಸರುಗಳಿವೆಯೇ ನೋಡಬೇಕು. ಈ ಮೂರೂ ಸ್ಟಿರಾಯ್ಡ್‌ಗಳೇ.