ವಿಜ್ಞಾನದ ಪಾಠದೊಳಗೆ ಇಂಗ್ಲಿಷ್

1970ರ ದಶಕದ ಆರಂಭದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಚೀನೀ ಮೂಲದ 2,856 ಮಕ್ಕಳಿದ್ದರು. ಅವರಲ್ಲಿ ಸುಮಾರು ಸಾವಿರ ಮಕ್ಕಳಿಗೆ ಇಂಗ್ಲಿಷಿನ ಹೆಚ್ಚುವರಿ ಪಾಠ ಸಿಗುತ್ತಿತ್ತು. ಉಳಿದ ಸುಮಾರು 1,800 ಮಕ್ಕಳಿಗೆ ಅದೂ ಇರಲಿಲ್ಲ. ಪೋಷಕರು ಕೋರ್ಟಿಗೆ ಹೋದರು. ಕೆಳಗಿನ ಕೋರ್ಟುಗಳಲ್ಲಿ ಸೋತ ಈ ಮೊಕದ್ದಮೆ 1974ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಎಲ್ಲರಿಗೂ ಒಂದೇ ಪುಸ್ತಕ, ಒಬ್ಬರೇ ಶಿಕ್ಷಕರನ್ನು ಕೊಟ್ಟ ಮಾತ್ರಕ್ಕೆ ಸಮಾನತೆ ಬಂದಂತಲ್ಲ, ಪಾಠವೇ ಅರ್ಥವಾಗದ ಮಗುವಿಗೆ ಶಿಕ್ಷಣ ಸಿಕ್ಕಂತಲ್ಲ ಎಂಬುದು ನ್ಯಾಯಮೂರ್ತಿಗಳ ಒಮ್ಮತದ ನಿಲುವಾಗಿತ್ತು. ‘ಲೌ ವಿರುದ್ಧ ನಿಕೋಲ್ಸ್’ ಎಂದು ಹೆಸರಾದ ಈ ತೀರ್ಪು ಶಾಲೆಗಳಿಗೆ ಹೊಣೆ ಹೊರಿಸಿತು, ದಾರಿಯನ್ನು ಮಾತ್ರ ಗೊತ್ತುಮಾಡಲಿಲ್ಲ.

ಮೊದಲು ಇಂಗ್ಲಿಷ್ ಕಲಿಸಿ ಆಮೇಲೆ ಗಣಿತ, ವಿಜ್ಞಾನಕ್ಕೆ ಕೈಹಾಕೋಣ ಎಂಬುದು ಯಾರಿಗಾದರೂ ಥಟ್ಟನೆ ಹೊಳೆಯುವ ಉಪಾಯ. ಅದರ ತೊಡಕನ್ನು ಕೆನಡಾದ ಸಂಶೋಧಕ ಜಿಮ್ ಕಮಿನ್ಸ್ ಎತ್ತಿ ತೋರಿಸಿದರು. ಹೊಸ ಭಾಷೆಯಲ್ಲಿ ಆಟದ ಬಯಲಿನ ಮಾತು ಒಂದೆರಡು ವರ್ಷದಲ್ಲಿ ಬಂದುಬಿಡುತ್ತದೆ. ಪಠ್ಯಪುಸ್ತಕದ ಭಾಷೆಯಲ್ಲಿ ಜೊತೆಯ ಮಕ್ಕಳ ಮಟ್ಟ ಮುಟ್ಟಲು ಐದರಿಂದ ಏಳು ವರ್ಷ ಬೇಕು. ಅಷ್ಟು ವರ್ಷ ವಿಜ್ಞಾನವನ್ನು ಬಾಗಿಲಾಚೆ ನಿಲ್ಲಿಸಿದರೆ ಮಗು ಎರಡರಲ್ಲೂ ಹಿಂದೆ ಬೀಳುತ್ತದೆ. ವಿಷಯ ಪಾಠದಲ್ಲೇ ಭಾಷೆಯನ್ನೂ ಕಲಿಸುವ ಕ್ರಮಕ್ಕೆ ಬಲ ಬಂದದ್ದು ಹೀಗೆ.

ಸಿಡ್ನಿಯ ಬಹುಭಾಷಾ ಶಾಲೆಗಳಲ್ಲಿ ಪಾಲೀನ್ ಗಿಬ್ಬನ್ಸ್ ದಾಖಲಿಸಿದ ಅಯಸ್ಕಾಂತದ ಪಾಠ ಈ ಕ್ರಮವನ್ನು ಚೆನ್ನಾಗಿ ತೋರಿಸುತ್ತದೆ. ಮೊದಲು ಮಕ್ಕಳು ಗುಂಪು ಗುಂಪಾಗಿ ಕೂತು ಅಯಸ್ಕಾಂತಗಳನ್ನು ಹಿಡಿದು ನೋಡುತ್ತಾರೆ. ಇದು ಅಂಟಿತು, ಅದು ಅಂಟಲಿಲ್ಲ, ಇದು ತಳ್ಳುತ್ತದೆ ಎಂಬಷ್ಟು ಮಾತು ಅಲ್ಲಿ ಸಾಕು. ವಸ್ತು ಎಲ್ಲರ ಕಣ್ಣೆದುರೇ ಇದೆ. ಆಮೇಲೆ ಕಂಡದ್ದನ್ನು ಇಡೀ ತರಗತಿಗೆ ಬಾಯಲ್ಲೇ ವಿವರಿಸಬೇಕು. ಈಗ ‘ಇದು’, ‘ಅದು’ ಎಂದರೆ ಯಾರಿಗೂ ತಿಳಿಯುವುದಿಲ್ಲ. ವಸ್ತುವಿಗೆ ಹೆಸರು ಬೇಕು, ನಡೆದ ಘಟನೆಗೆ ಕ್ರಿಯಾಪದ ಬೇಕು. ‘ಅಟ್ರ್ಯಾಕ್ಟ್’, ‘ರಿಪೆಲ್’ ಎಂಬ ಪದಗಳನ್ನು ಶಿಕ್ಷಕಿ ಕೊಡುವುದು ಸರಿಯಾಗಿ ಆ ಗಳಿಗೆಯಲ್ಲಿ. ಮಗು ತಳ್ಳಾಟವನ್ನು ಬೆರಳಲ್ಲಿ ಆಗಲೇ ಅನುಭವಿಸಿದೆ, ಪದ ಬಂದು ಅದರ ಮೇಲೆ ಕೂರುತ್ತದೆ. ಕೊನೆಗೆ ಬರವಣಿಗೆ. ಪದಪಟ್ಟಿ ಬಾಯಿಪಾಠ ಮಾಡಿಸಿ ಪಾಠ ಶುರುಮಾಡುವ ನಮ್ಮ ರೂಢಿಗೆ ಇದು ಪೂರಾ ತಿರುವುಮುರುವು. ಆದರೆ ಮಗುವಿಗೆ ಹತ್ತಿರವಾದ ದಾರಿ ಇದೇ.

ಗಣಿತಕ್ಕೆ ಭಾಷೆಯ ಹಂಗಿಲ್ಲ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ‘ಫೈವ್ ಲೆಸ್ ದ್ಯಾನ್ ಎಕ್ಸ್’ ಎಂಬುದನ್ನು ಬೀಜಗಣಿತದಲ್ಲಿ ಬರೆ ಎಂದರೆ ಎಷ್ಟೋ ಮಕ್ಕಳು ಕಿವಿಗೆ ಬಿದ್ದ ಸಾಲಿನಲ್ಲೇ ಐದು ಮೈನಸ್ ಎಕ್ಸ್ ಎಂದು ಬರೆಯುತ್ತಾರೆ. ಕನ್ನಡದ ‘ಎಕ್ಸ್‌ಗಿಂತ ಐದು ಕಡಿಮೆ’ ಎಂಬ ಮಾತಿನಲ್ಲಿ ಎಕ್ಸ್ ಮೊದಲು, ಐದು ಆಮೇಲೆ; ಬೀಜಗಣಿತದ ಸಾಲೂ ಹಾಗೆಯೇ. ಕನ್ನಡದ ಮಗು ಇಲ್ಲಿ ತನ್ನ ಭಾಷೆಯಲ್ಲಿ ಯೋಚಿಸಿದರೆ ಗೆಲ್ಲುತ್ತದೆ. ಇದನ್ನು ಬಲ್ಲ ಶಿಕ್ಷಕರು ಕನ್ನಡವನ್ನು ತರಗತಿಯಿಂದ ಹೊರಹಾಕುವುದಿಲ್ಲ.

ಹೊರಹಾಕಬೇಕು ಎನ್ನುವವರು ಕೆನಡಾದ ಕ್ವಿಬೆಕ್ ಪ್ರಾಂತದ ಸೇಂಟ್ ಲ್ಯಾಂಬರ್ಟ್‌ನ ಉದಾಹರಣೆ ಕೊಡುವುದುಂಟು. 1965ರಲ್ಲಿ ಅಲ್ಲಿ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಶಿಶುವಿಹಾರದಿಂದಲೇ ಫ್ರೆಂಚಿನಲ್ಲಿ ಪಾಠ ಆರಂಭವಾಯಿತು, ಪ್ರಯೋಗ ಫಲಿಸಿತು. ಆದರೆ ಅದನ್ನು ಒತ್ತಾಯಿಸಿ ತಂದವರು ಪೋಷಕರೇ. ಎರಡನೇ ತರಗತಿಗೆ ಇಂಗ್ಲಿಷ್ ಓದು ಬರಹವೂ ಸೇರಿತು. ಇಡೀ ಖಂಡದಲ್ಲಿ ಬಲವಾಗಿದ್ದ ಆ ಮಕ್ಕಳ ಮಾತೃಭಾಷೆಗೆ ಯಾವ ಕುತ್ತೂ ಇರಲಿಲ್ಲ. ಇದನ್ನು ಬಿಟ್ಟು ಹೇಳಿದರೆ ಉದಾಹರಣೆಯೇ ದಾರಿ ತಪ್ಪಿಸುತ್ತದೆ. ಇನ್ನೊಂದು ಸಂಗತಿಯೂ ಇದೆ. ಇಂಥ ಕೆನಡಾದ ತರಗತಿಗಳನ್ನು ಅಧ್ಯಯನ ಮಾಡಿದ ಮೆರಿಲ್ ಸ್ವೇನ್, ವರ್ಷಗಟ್ಟಲೆ ಫ್ರೆಂಚಿನಲ್ಲಿ ಕಲಿತ ಮಕ್ಕಳು ಕೇಳಿದ್ದನ್ನೆಲ್ಲ ಅರ್ಥಮಾಡಿಕೊಂಡರೂ ಮಾತಿನಲ್ಲಿ, ಬರಹದಲ್ಲಿ ತಪ್ಪುತ್ತಿದ್ದುದನ್ನು 1985ರಲ್ಲಿ ತೋರಿಸಿದರು. ಬರೀ ಕೇಳಿದರೆ ಸಾಲದು. ಆಡಬೇಕು, ಬರೆಯಬೇಕು, ತಿದ್ದಿಸಿಕೊಳ್ಳಬೇಕು.

ಈ ಚರ್ಚೆಗೆ ಬೆಂಗಳೂರಿನ ಕೊಡುಗೆ ದೊಡ್ಡದು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ಮುಂದಾಳುತನದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ ಪ್ರಯೋಗ ಜಗತ್ತಿನಾದ್ಯಂತ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಹೆಸರಾಗಿದೆ. ವ್ಯಾಕರಣದ ಪಟ್ಟಿ ಬದಿಗಿಟ್ಟು, ರೈಲಿನ ವೇಳಾಪಟ್ಟಿ ನೋಡಿ ಲೆಕ್ಕ ಹಾಕುವುದು, ನಕ್ಷೆಯಲ್ಲಿ ದಾರಿ ಹುಡುಕುವುದು, ಜ್ಯಾಮಿತಿಯ ಆಕೃತಿ ಬಿಡಿಸುವುದು ಇಂಥ ಕೆಲಸಗಳನ್ನು ಇಂಗ್ಲಿಷಿನಲ್ಲಿ ಕೊಡಲಾಯಿತು. ಮಕ್ಕಳ ಗಮನವೆಲ್ಲ ಉತ್ತರ ಕಂಡುಹಿಡಿಯುವುದರಲ್ಲಿ; ಭಾಷೆ ಆ ಹುಡುಕಾಟದ ನಡುವೆಯೇ ಬೆಳೆಯಲಿ ಎಂಬುದು ಪ್ರಭು ಅವರ ಆಶಯ. ಇಂಥದ್ದೊಂದು ನಮ್ಮೂರಿನಲ್ಲೇ ನಡೆದಿತ್ತು ಎಂಬುದು ನಮ್ಮ ಶಿಕ್ಷಕರ ತರಬೇತಿಯಲ್ಲಿ ಮೊದಲ ಪಾಠವಾಗಬೇಕು.

ಏಕೆಂದರೆ ಕರ್ನಾಟಕದಲ್ಲಿ ಇದರ ತುರ್ತು ಹೆಚ್ಚುತ್ತಿದೆ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಲಾಯಿತು. ಅತ್ತ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಸೇರುವವರು ಒಂದೇ ಬೇಸಿಗೆ ರಜೆಯ ಅಂತರದಲ್ಲಿ ಇಂಗ್ಲಿಷಿಗೆ ಬಂದು ಬೀಳುತ್ತಾರೆ. ಅವರಿಗೆ ಭೌತಶಾಸ್ತ್ರ ಗೊತ್ತಿಲ್ಲವೆಂದಲ್ಲ. ಜಡತ್ವ, ಸಂವೇಗ, ವೇಗೋತ್ಕರ್ಷ ಇವನ್ನೆಲ್ಲ ಕನ್ನಡದಲ್ಲಿ ಕಲಿತೇ ಬಂದಿರುತ್ತಾರೆ. ಪಿಯುಸಿ ಮೊದಲ ವರ್ಷದಲ್ಲಿ ಚಲನೆಯ ಪಾಠ ಮತ್ತೆ ಬರುತ್ತದೆ. ಇಂಗ್ಲಿಷಿಗೆ ದಾಟಿಸಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ವಿಷಯ ಮೊದಲೇ ತಿಳಿದಿರುವುದರಿಂದ ಮನಸ್ಸು ಪೂರ್ತಿಯಾಗಿ ಭಾಷೆಯ ಕಡೆ ಹರಿಯಬಲ್ಲದು. ಇಬ್ಬಿಬ್ಬರು ಕೂತು ಕನ್ನಡದಲ್ಲಿ ಚರ್ಚಿಸಲಿ, ಉತ್ತರವನ್ನು ಇಂಗ್ಲಿಷಿನಲ್ಲಿ ಎರಡೇ ವಾಕ್ಯ ಬರೆಯಲಿ. ಉಪನ್ಯಾಸಕರು ಲೆಕ್ಕದ ಜೊತೆಗೆ ಆ ಎರಡು ವಾಕ್ಯಗಳನ್ನೂ ತಿದ್ದಲಿ.