ಪೆಟ್ರೋಲು ಎಲ್ಲಿ ಹೋಯಿತು?

ಮನೆಯ ವೆಚ್ಚವು ಮಿತಿಮೀರಿತೆಂದರೆ ಯಜಮಾನನ ಸಂಶಯವು ಮೊದಲು ಹೊರಳುವುದು ಮನೆಯವರ ಕಡೆಗೇ. ಈ ದೋಷಕ್ಕೆ ನಾನೂ ಹೊರತಾಗಲಿಲ್ಲ. ಅದರಿಂದ ನಾನು ಕಲಿತ ಪಾಠವು ಮೋಟಾರುಸೈಕಲ್ಲುಳ್ಳ ಇತರ ಗೃಹಸ್ಥರಿಗೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ.

ನಮ್ಮದು ಭಟ್ಕಳದ ಬಳಿಯ ಹೆಬಳೆ. 2012ರಲ್ಲಿ ಕೊಂಡ 350 ಸಿ.ಸಿ.ಯ ಮೋಟಾರುಸೈಕಲ್ಲೊಂದು ನಮ್ಮಲ್ಲಿದೆ. ಮಳೆಗಾಲ ಮುಗಿದೊಡನೆ ಅದರ ಮೇಲೆ ಜೋಗ, ಶಿರಸಿ, ಮೈಸೂರು ಎಂದು ಪ್ರವಾಸ ಹೊರಡುವುದು ನನ್ನ ಬಹುದಿನದ ರೂಢಿ. ಲೀಟರಿಗೆ 35 ಕಿಲೋಮೀಟರು ಓಡುತ್ತಿದ್ದ ಆ ಗಾಡಿಯು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ವಿಪರೀತ ಪೆಟ್ರೋಲು ಕುಡಿಯತೊಡಗಿತು. ಸಂಜೆಯ ಹೊತ್ತು ಅದನ್ನು ಒಯ್ಯುತ್ತಿದ್ದವನು ಕಾಲೇಜಿಗೆ ಹೋಗುವ ನನ್ನ ಮಗ. “ಭಟ್ಕಳದ ಪೇಟೆಗೆಂದು ಹೇಳಿ ಮುರ್ಡೇಶ್ವರದ ತನಕ ತಿರುಗುತ್ತೀಯೋ, ಇಲ್ಲವೆ ಗೆಳೆಯರಿಗೆ ಪೆಟ್ರೋಲು ಹಂಚುತ್ತೀಯೋ?” ಎಂದು ಒಂದು ದಿನ ಗದರಿಸಿಬಿಟ್ಟೆನು. ಅವನು ಮರುಮಾತಾಡದೆ ಬೀಗದಕೈಯನ್ನು ಗೋಡೆಯ ಮೊಳೆಗೆ ತೂಗಹಾಕಿ ಒಳಗೆ ನಡೆದನು. ಅಂದಿನಿಂದ ಗಾಡಿಯನ್ನು ಮುಟ್ಟಲಿಲ್ಲ. ನನ್ನೊಡನೆ ಮಾತನ್ನೂ ಆಡಲಿಲ್ಲ.

ಎಂಟು ದಿನ ಕಳೆದ ಮೇಲೆ ಮನೆಯಾಕೆ, “ಅಕ್ಕಿ ಬೇಗ ತೀರಿದರೆ ನಾನು ಮೊದಲು ಅಳೆದು ನೋಡುತ್ತೇನೆ. ನೀವು ಅಳೆಯದೆಯೇ ಹುಡುಗನ ಮೇಲೆ ಹೊರಿಸಿದಿರಿ,” ಎಂದಳು. ಆ ಮಾತು ನನಗೆ ನಾಟಿತು.

ಅಳೆಯುವ ಕ್ರಮವು ಕಠಿಣವಲ್ಲ. ಗಾಡಿಯನ್ನು ಸಮನೆಲದ ಮೇಲೆ ನಡುಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ, ಟಾಂಕಿಯಲ್ಲಿ ಗೊತ್ತಾದ ಒಂದು ಗುರುತಿನವರೆಗೆ ಪೆಟ್ರೋಲು ತುಂಬಿಸಬೇಕು. ಮೀಟರಿನ ಅಂಕಿಯನ್ನು ಬರೆದುಕೊಳ್ಳಬೇಕು. ನೂರು ಕಿಲೋಮೀಟರಿಗೆ ಕಡಮೆಯಿಲ್ಲದಂತೆ ಓಡಿಸಿ ಬಂದು, ಅದೇ ಬಂಕಿನಲ್ಲಿ ಅದೇ ಗುರುತಿನವರೆಗೆ ಮತ್ತೆ ತುಂಬಿಸಬೇಕು. ಓಡಿದ ದೂರವನ್ನು ಎರಡನೆಯ ಸಲ ಹಿಡಿಸಿದ ಲೀಟರುಗಳಿಂದ ಭಾಗಿಸಿದರೆ ನಿಜವಾದ ಲೆಕ್ಕವು ದೊರೆಯುವುದು. ನಾನೇ ಹೊನ್ನಾವರದ ಶರಾವತಿ ಸೇತುವೆಯನ್ನು ದಾಟಿ ಕುಮಟೆಯ ತನಕ ಹೋಗಿ ಮರಳಿದೆನು. ದೂರ 116 ಕಿಲೋಮೀಟರು. ಹಿಡಿಸಿದ ಪೆಟ್ರೋಲು 4.8 ಲೀಟರು. ಅಂದರೆ ಲೀಟರಿಗೆ ಬರಿಯ 24! ಬೀಗದಕೈ ದಿನವಿಡೀ ನನ್ನ ಜೇಬಿನಲ್ಲಿಯೇ ಇದ್ದಿತು. ಕಳ್ಳನು ಗಾಡಿಯೊಳಗೇ ಇದ್ದನು.

ಮನೆಗೆ ಬಂದವನೇ ಮಗನನ್ನು ಕರೆದು, “ತಪ್ಪು ನನ್ನದು, ಮಗಾ,” ಎಂದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇರಲಿ ಅಪ್ಪಯ್ಯಾ, ಹಿಂದಿನ ಗಾಲಿಯನ್ನು ಒಮ್ಮೆ ತಿರುಗಿಸಿ ನೋಡೋಣ,” ಎಂದನು.

ನಡುಸ್ಟ್ಯಾಂಡಿನ ಮೇಲೆ ಗಾಲಿಯು ನೆಲಬಿಟ್ಟಿರುವಾಗ ಗೇರು ತಪ್ಪಿಸಿ ಕೈಯಿಂದ ತಿರುಗಿಸಿದರೆ ಅದು ಸಲೀಸಾಗಿ ಸುತ್ತಬೇಕು. ನಮ್ಮದು ಅರ್ಧ ಸುತ್ತಿಗೇ ನಿಂತಿತು. ಬ್ರೇಕಿನ ಲೈನರನ್ನು ಒತ್ತುವ ಕೀಲು ಮಳೆನೀರಿಗೂ ಕಡಲ ಉಪ್ಪುಗಾಳಿಗೂ ತುಕ್ಕುಹಿಡಿದು, ಪೆಡಲು ಬಿಟ್ಟರೂ ಹಿಂದಕ್ಕೆ ಬರುತ್ತಿರಲಿಲ್ಲ. ಯಂತ್ರವು ಬ್ರೇಕನ್ನೂ ಎಳೆದುಕೊಂಡೇ ಓಡುತ್ತಿತ್ತು. ಅದನ್ನು ಬಿಚ್ಚಿಸಿ, ಉಜ್ಜಿ, ಅಳತೆಯಾಗಿ ಗ್ರೀಸು ಹಚ್ಚಿಸಿದೆವು. ಲೈನರಿಗೆ ಗ್ರೀಸು ಸೋಕಿದರೆ ಬ್ರೇಕೇ ಹಿಡಿಯಲಾರದಾದ್ದರಿಂದ ಈ ಕೆಲಸವನ್ನು ಬಲ್ಲವರಿಂದಲೇ ಮಾಡಿಸತಕ್ಕದ್ದು. ಒಣಗಿದ್ದ ಚೈನಿಗೆ ಎಣ್ಣೆ ಕೊಟ್ಟು, ಟೈರುಗಳು ತಣ್ಣಗಿರುವಾಗ ಪುಸ್ತಕದಲ್ಲಿ ಹೇಳಿದಷ್ಟು ಗಾಳಿ ತುಂಬಿಸಿದೆವು. ಅದೇ ದಾರಿಯಲ್ಲಿ ಮತ್ತೆ ಅಳೆದಾಗ 4 ಲೀಟರು ಸಾಕಾಯಿತು: ಲೀಟರಿಗೆ 29.

ಆಮೇಲೆ ಯಂತ್ರದ ಸರದಿ. ಸ್ಪಾರ್ಕ್ ಪ್ಲಗ್ಗಿನ ತುದಿಯು ತಿಳಿಗಂದಾಗಿದ್ದರೆ ಉರಿಯುವಿಕೆಯು ಸರಿಯಾಗಿದೆಯೆಂದು ಅರ್ಥ. ಒಣ ಮಸಿ ಕಟ್ಟಿದ್ದರೆ ಗಾಳಿ ಸಾಲದೆ ಪೆಟ್ರೋಲು ಹೆಚ್ಚಾಗಿದೆಯೆಂದು ತಿಳಿಯಬೇಕು. ನಮ್ಮದು ಕಾಡಿಗೆಯಂತಿತ್ತು. ಗಾಳಿಯ ಫಿಲ್ಟರಿನಲ್ಲಿ ಕೆಮ್ಮಣ್ಣಿನ ಧೂಳು ಹೆಪ್ಪುಗಟ್ಟಿತ್ತು. ಚೋಕು ಪೂರ್ತಿಯಾಗಿ ಹಿಂದಕ್ಕೆ ಸರಿಯುತ್ತಿರಲಿಲ್ಲ. ಫಿಲ್ಟರನ್ನೂ ಪ್ಲಗ್ಗನ್ನೂ ಬದಲಿಸಿ, ಚೋಕನ್ನು ಸರಿಪಡಿಸಿ ಅಳೆದಾಗ 3.5 ಲೀಟರಿನಲ್ಲಿ ಅದೇ 116 ಕಿಲೋಮೀಟರು ಸಾಗಿತು: ಲೀಟರಿಗೆ 33. ಸಾವಿರ ಕಿಲೋಮೀಟರಿನ ಪ್ರವಾಸದಲ್ಲಿ ಇದರಿಂದ ಸುಮಾರು 11 ಲೀಟರು ಉಳಿಯುವುದು.

ಮಿಕ್ಕ ಎರಡು ಕಿಲೋಮೀಟರಿನ ಆಸೆಯನ್ನು ನಾವು ಬಿಟ್ಟೆವು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರ ವರೆಗೆ ಎಥೆನಾಲು ಬೆರೆತಿರುತ್ತದೆ. ಲೀಟರಿಗೆ ಲೀಟರು ಹೋಲಿಸಿದರೆ ಎಥೆನಾಲಿನ ಶಕ್ತಿಯು ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಮೆ. ಹಳೆಯ ಬಗೆಯ ದ್ವಿಚಕ್ರ ವಾಹನಗಳಲ್ಲಿ ಈ ಮಿಶ್ರಣದಿಂದ ನೂರಕ್ಕೆ 3–4ರಷ್ಟು ನಷ್ಟವಾಗಬಹುದೆಂದು ನೀತಿ ಆಯೋಗದ 2021ರ ವರದಿಯು ಅಂದಾಜು ಮಾಡಿತ್ತು. ಎಥೆನಾಲು ನೀರನ್ನು ಹೀರಿಕೊಳ್ಳುವುದರಿಂದ ನಮ್ಮ ಕರಾವಳಿಯವರು ಮಳೆಗಾಲದಲ್ಲಿ ಪೆಟ್ರೋಲನ್ನು ತಿಂಗಳುಗಟ್ಟಲೆ ಟಾಂಕಿಯಲ್ಲಿ ನಿಲ್ಲಿಸದಿರುವುದು ಒಳ್ಳೆಯದು.

ಕೆಲವರು ಉಳಿತಾಯದ ಹಂಬಲದಿಂದ ಕಾರ್ಬ್ಯುರೇಟರಿಗೆ ಬರುವ ಪೆಟ್ರೋಲನ್ನು ತೀರ ಬಿಗಿಗೊಳಿಸುವರು. ಇದು ಅಪಾಯಕರ. ಪೆಟ್ರೋಲು ಸಾಲದ ಯಂತ್ರವು ಅತಿಯಾಗಿ ಕಾದು ಪಿಸ್ಟನ್ನು ಕಚ್ಚಿಕೊಳ್ಳಬಹುದು. ಅದಕ್ಕಿಂತ ಸವಾರನ ಕೈಯನ್ನು ಬಿಗಿಗೊಳಿಸುವುದು ಲೇಸು. ಅಗಲವಾದ 66ನೆಯ ಹೆದ್ದಾರಿಯನ್ನು ಕಂಡರೆ ವೇಗದ ಚಪಲ ಹುಟ್ಟುವುದು ಸಹಜ. ಆದರೆ ಗಂಟೆಗೆ 60ರಿಂದ 80 ಕಿಲೋಮೀಟರಿಗೆ ಏರಿದರೆ ಎದುರುಗಾಳಿಯ ತಡೆಯು ಮುಕ್ಕಾಲು ಪಾಲಿಗಿಂತ ಹೆಚ್ಚಾಗುವುದು. ಆ ವೆಚ್ಚವನ್ನು ಟಾಂಕಿಯೇ ತೆರಬೇಕು.

ಮುಂದಿನ ವಾರ ನಾವಿಬ್ಬರೂ ಗೇರುಸೊಪ್ಪೆಯ ಘಟ್ಟವನ್ನೇರಿ ಜೋಗಕ್ಕೆ ಹೋಗಿ ಬಂದೆವು. ಮಗನು ಓಡಿಸಿದನು, ನಾನು ಹಿಂದೆ ಕುಳಿತು ಲೆಕ್ಕ ಬರೆದೆನು. ಆ ಪುಸ್ತಕವು ಈಗ ಬೀಗದಕೈಯ ಮೊಳೆಯ ಪಕ್ಕದಲ್ಲಿಯೇ ತೂಗುತ್ತಿದೆ. ಪೆಟ್ರೋಲು ಹಾಕಿಸಿದವರು ಅದರಲ್ಲಿ ಬರೆಯತಕ್ಕದ್ದೆಂಬ ಕಟ್ಟಳೆಗೆ ಮನೆಯಲ್ಲಿ ಎಲ್ಲರೂ ಒಳಪಟ್ಟಿದ್ದೇವೆ, ಯಜಮಾನನೂ ಸಹ.