ಸೌತೆ ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಇಲ್ಲ! ಯಾಕೆ?

ಇವತ್ತಿನ ವಿಷಯ ಸೌತೆಕಾಯಿ. ಸಾಂಬಾರಿಗೆ ಹಾಕೋ ಮಂಗಳೂರು ಸೌತೆ ಅಲ್ಲ; ಉಪ್ಪು-ಖಾರ ಹಚ್ಚಿ ಹಸಿಯಾಗಿ ತಿನ್ನೋ ಮುಳ್ಳುಸೌತೆ.

ಹಿತ್ತಲಲ್ಲೋ ಟೆರೇಸ್ ಮೇಲೋ ಸೌತೆ ಹಾಕಿದ ನನ್ನ ಗೆಳೆಯರೆಲ್ಲ ಒಂದೇ ದೂರು ಹೇಳ್ತಾರೆ. ಬಳ್ಳಿ ಚೆನ್ನಾಗಿ ಬಂತು, ಹಳದಿ ಹೂವು ರಾಶಿ ಬಿಡ್ತು, ಎಲ್ಲ ಉದುರಿಹೋಯ್ತು, ಒಂದೂ ಕಾಯಿ ಕಚ್ಚಲಿಲ್ಲ. "ನನ್ನ ಕೈಗುಣವೇ ಸರಿಯಿಲ್ಲ" ಅಂತ ಕೈಬಿಟ್ಟವರೂ ಇದ್ದಾರೆ. ಕೈಗುಣದ ಮಾತು ಬಿಡಿ. ಹೂವಿನ ಲೆಕ್ಕ ಗೊತ್ತಿದ್ದರೆ ಸಾಕು. ಅದನ್ನು ನಾನು ಕಲಿತದ್ದು ಸ್ವಲ್ಪ ಕಷ್ಟಪಟ್ಟು.

ನಮ್ಮನೆ ಬೀಜದ ಕಥೆ

ನಾನು ಭಟ್ಕಳ ತಾಲ್ಲೂಕಿನ ಮುಟ್ಟಳ್ಳಿಯವಳು. ನಮ್ಮ ಕಡೆ ಚೌತಿಗೆ ಗಣಪತಿಯ ಮೇಲ್ಗಡೆ ಹಣ್ಣು-ತರಕಾರಿ ತೂಗುಹಾಕ್ತಾರೆ. ಅದಕ್ಕೆ ಫಲಾವಳಿ ಅಂತಾರೆ. ಅದರಲ್ಲಿ ಮನೆ ಬಳ್ಳಿಯ ಸೌತೆಕಾಯಿ ಇರಲೇಬೇಕು ಅನ್ನೋದು ಅಮ್ಮನ ಹಠ. ಬೀಜ ಅವಳ ತವರಿಂದ ಬಂದದ್ದು.

2022ರ ಆಗಸ್ಟ್ 2ನ್ನು ನಮ್ಮೂರಲ್ಲಿ ಯಾರೂ ಮರೆಯೋದಿಲ್ಲ. ಒಂದೇ ದಿನದಲ್ಲಿ 50 ಸೆಂಟಿಮೀಟರ್ ಮೀರಿ ಮಳೆ ಸುರೀತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡರು. ಆ ದುಃಖದ ಎದುರು ನಮ್ಮ ಚಪ್ಪರ ಬಿತ್ತು, ಬಳ್ಳಿ ಹೋಯ್ತು ಅನ್ನೋದು ಒಂದು ಮಾತೇ ಅಲ್ಲ. ಮನೆಯಲ್ಲಿ ಯಾರೂ ಅದರ ಸುದ್ದಿ ಎತ್ತಲೂ ಇಲ್ಲ. ಮರುವರ್ಷ ಮೇ ತಿಂಗಳಲ್ಲಿ ಅಮ್ಮ ಬೀಜದ ಡಬ್ಬಿ ತೆಗೆದಾಗಲೇ ಗೊತ್ತಾಗಿದ್ದು, ಅದರೊಳಗೂ ನೀರು ಹೋಗಿ ಬೀಜವೆಲ್ಲ ಬೂಜು ಹಿಡಿದಿತ್ತು.

ನಾನು ಸುಮ್ನಿರದೆ ಆನ್‌ಲೈನಲ್ಲಿ ಒಂದು ಪ್ಯಾಕೆಟ್ ತರಿಸಿದೆ. ಕಾಯಿ ಚೆನ್ನಾಗೇ ಬಂತು. ಆದ್ರೆ ಅದರ ಬೀಜ ಇಟ್ಟು ಮರುವರ್ಷ ಹಾಕಿದ್ರೆ ಒಂದೊಂದು ಬಳ್ಳಿ ಒಂದೊಂದು ಥರ. ಎಫ್1 ಹೈಬ್ರಿಡ್ ಅಂದ್ರೆ ಹಾಗೇ. ಎರಡು ಬೇರೆ ಬೇರೆ ತಳಿ ಸೇರಿಸಿದ ಮೊದಲ ತಲೆಮಾರು ಅದು. ಅದರ ಮಕ್ಕಳು ಅದರ ಹಾಗೇ ಇರ್ತಾವೆ ಅನ್ನೋ ಗ್ಯಾರಂಟಿ ಇಲ್ಲ.

ಕೊನೆಗೆ ಕುಮಟಾದ ಚಿಕ್ಕಮ್ಮನಿಗೆ ಫೋನ್ ಮಾಡಿದ್ವಿ. "ನೀನೇ ಕೊಟ್ಟ ಬೀಜ ಅಲ್ದಾ ಅಕ್ಕಾ, ನಾನು ವರ್ಷಾ ಹಾಕ್ತೆ" ಅಂದ್ಲು. ಆದ್ರೆ ಆ ಸಲ ಅವಳು ಬೀಜಕ್ಕೆ ಬಿಟ್ಟಿದ್ದ ಕಾಯಿ ಮಳೆಗೆ ಕೊಳೆತುಹೋಗಿತ್ತು. ಹಳೇದು ಉಳಿದಿದ್ದು 11 ಬೀಜ. ಪೇಪರಲ್ಲಿ ಮಡಚಿ ಅಷ್ಟನ್ನೂ ಕೊಟ್ಟು ಕಳಿಸಿದ್ಲು. ಇದೂ ಹೋದ್ರೆ ಆ ತಳಿ ನಮ್ಮ ಪಾಲಿಗೆ ಮುಗೀತು. ಈ ಸಲ ಅಂದಾಜಿನ ಮೇಲೆ ನಡೆಯೋದು ಬೇಡ ಅಂತ ನಾನು ಸರಿಯಾಗಿ ಕಲಿಯೋಕೆ ಕೂತೆ.

ಮಣ್ಣು, ಏರು, ಚಪ್ಪರ

ಚೌತಿಗೆ ಕಾಯಿ ಬೇಕಾದರೆ 70ರಿಂದ 75 ದಿನ ಮೊದಲು ಬೀಜ ಹಾಕಬೇಕು. ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಸುಮಾರು 2 ಸೆಂಟಿಮೀಟರ್ ಆಳಕ್ಕೆ ಊರಿದರೆ ವಾರದೊಳಗೆ ಮೊಳಕೆ ಬರ್ತದೆ.

ಕರಾವಳಿಯ ಕೆಂಪು ಮಣ್ಣಲ್ಲಿ ಹುಳಿ ಅಂಶ ಹೆಚ್ಚು. ಬಿತ್ತೋಕೆ ಎರಡು ವಾರ ಮೊದಲೇ ಸ್ವಲ್ಪ ಸುಣ್ಣ ಬೆರೆಸಿ, ಆಮೇಲೆ ಚೆನ್ನಾಗಿ ಕಳಿತ ಗೊಬ್ಬರ ಹಾಕಿ. ನೆಲಮಟ್ಟದಲ್ಲಿ ಹಾಕಿದ್ರೆ ಬೇರು ನೀರಲ್ಲಿ ನಿಂತು ಕೊಳೀತದೆ, ಹಾಗಾಗಿ ಒಂದು ಅಡಿ ಎತ್ತರದ ಏರು ಮಾಡಿ. ಟೆರೇಸಲ್ಲಾದರೆ 20 ಲೀಟರಿನ ಬಕೆಟ್ ಸಾಕು, ತಳದಲ್ಲಿ ತೂತು ಮರೀಬೇಡಿ.

ಹತ್ತಿಸೋಕೆ ದುಬಾರಿ ಸಾಮಾನು ಬೇಡ. ನಾಲ್ಕು ಅಡಿಕೆ ದಬ್ಬೆ, ಮೇಲೊಂದು ಹಳೇ ಮೀನಿನ ಬಲೆ. ನಮ್ಮ ಕಡೆ ಅದಕ್ಕೇನು ಬರ? ನೆಲದ ಮೇಲೆ ಹಬ್ಬಿದ ಬಳ್ಳಿಗಿಂತ ಬಲೆ ಹತ್ತಿದ ಬಳ್ಳಿಯ ಎಲೆ ಬೇಗ ಒಣಗ್ತದೆ, ಬೂಜು ರೋಗ ಕಡಿಮೆ.

ಮೊದಲು ಬರೋದೆಲ್ಲ ಗಂಡು ಹೂವು

ಈಗ ಅಸಲು ವಿಷಯ. ಸೌತೆಯಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಒಂದೇ ಬಳ್ಳಿಯಲ್ಲಿ ಎರಡೂ ಇರ್ತವೆ. ಶುರುವಿಗೆ ಬರೋದು ಹೆಚ್ಚಾಗಿ ಗಂಡು. ಅವು ಒಂದು ದಿನ ಅರಳಿ ಉದುರೋದೇ ಅವುಗಳ ಕೆಲಸ. ಅದನ್ನು ನೋಡಿ ಗಾಬರಿಯಾಗಿ ಗೊಬ್ಬರ ಸುರೀಬೇಡಿ. ಗೊಬ್ಬರ ಹೆಚ್ಚಾದರೆ ಎಲೆಯೇ ಜಾಸ್ತಿ.

ಗುರುತು ಹಿಡಿಯೋದು ಸುಲಭ. ಹೂವಿನ ಹಿಂಭಾಗ ನೋಡಿ. ಬರೀ ತೆಳ್ಳಗಿನ ತೊಟ್ಟು ಇದ್ದರೆ ಗಂಡು. ಬೆರಳ ತುದಿಯಷ್ಟು ಪುಟ್ಟ ಸೌತೆಕಾಯಿ ಇದ್ದರೆ ಹೆಣ್ಣು. ಅದು ಆಗಲೇ ಕಾಯಿಯಾಗಿದೆ ಅಂತ ಖುಷಿಪಡಬೇಡಿ. ಪರಾಗ ಸಿಗದಿದ್ದರೆ ಆ ಮರಿಕಾಯಿ ಹಳದಿಯಾಗಿ ಮುದುಡಿ ಬೀಳ್ತದೆ.

ಪರಾಗ ತರೋದು ಜೇನು. ಹೆಣ್ಣು ಹೂವಿಗೆ ಸಿಗೋದು ಒಂದೇ ದಿನ, ಅದರಲ್ಲೂ ಬೆಳಗಿನ ಹೊತ್ತು. ಆ ಹೊತ್ತಿಗೆ ಜಡಿಮಳೆ ಇದ್ದರೆ ತುಡುವೆಯೂ ಬರೋದಿಲ್ಲ, ಮಿಸ್ರಿ ಜೇನೂ ಬರೋದಿಲ್ಲ. ನಮ್ಮನೆಯಲ್ಲಿ ಇನ್ನೊಂದು ತಪ್ಪೂ ಆಗ್ತಿತ್ತು. ಪಕ್ಕದಲ್ಲೇ ಇದ್ದ ಭಟ್ಕಳ ಮಲ್ಲಿಗೆ ಗಿಡಕ್ಕೆ ಬೆಳಿಗ್ಗೆ ಔಷಧಿ ಹೊಡೀತಿದ್ವಿ. ಅದರಿಂದ ಜೇನಿಗೂ ಪೆಟ್ಟು. ಹೊಡೆಯಲೇಬೇಕಾದ್ರೆ ಜೇನು ಗೂಡು ಸೇರಿದ ಮೇಲೆ, ಸಂಜೆ.

ಜೇನಿನ ಕೆಲಸ ನಾವೇ ಮಾಡೋದು

ಮಳೆಗಾಲದಲ್ಲಿ ಇದೊಂದು ಉಪಾಯ ಗೊತ್ತಿರಲಿ. ನಾಳೆ ಅರಳೋ ಗಂಡು ಮೊಗ್ಗಿನ ತುದಿ ಇವತ್ತು ಸಂಜೆಗೇ ಹಳದಿಯಾಗಿರ್ತದೆ. ಅದನ್ನು ತೊಟ್ಟು ಸಮೇತ ಚಿವುಟಿ, ಒಳಗೆ ತಂದು ಲೋಟದ ನೀರಲ್ಲಿಡಿ. ಬೆಳಿಗ್ಗೆ ಅಲ್ಲೇ ಅರಳ್ತದೆ, ಪರಾಗ ಒದ್ದೆಯಾಗೋದಿಲ್ಲ. ಅದರ ಎಸಳು ಬಿಡಿಸಿ, ನಡುವಿನ ಭಾಗವನ್ನು ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಸವರಿ. ಒಂದು ಗಂಡು ಹೂವು ಎರಡು-ಮೂರು ಹೆಣ್ಣು ಹೂವಿಗೆ ಸಾಕು.

ನಾನು ಮೊದಲ ದಿನ ಕೊಡೆ ಹಿಡ್ಕೊಂಡು ಇದನ್ನು ಮಾಡುವಾಗ ಅಮ್ಮ ಬಾಗಿಲಲ್ಲಿ ನಿಂತು, "ಎಂತ ಮಗಾ, ಹೂವಿಗೆ ಮದುವೆ ಮಾಡ್ಸ್ತಾ ಇದ್ಯಾ?" ಅಂತ ನಕ್ಕಳು. ನಾಲ್ಕನೇ ದಿನ ಮರಿಕಾಯಿ ದಪ್ಪ ಆಗಿದ್ದು ನೋಡಿ ಅವಳೇ ಲೋಟ ಹಿಡಿದು ನಿಂತಳು.

ಅಂದ್ಹಾಗೆ ಪ್ಯಾಕೆಟ್ ಮೇಲೆ ಪಾರ್ಥೆನೋಕಾರ್ಪಿಕ್ ಅಂತ ಬರೆದಿದ್ದರೆ ಅದಕ್ಕೆ ಈ ಮದುವೆ ಬೇಕಿಲ್ಲ, ಪರಾಗ ಇಲ್ಲದೆಯೇ ಕಾಯಿ ಬಿಡ್ತದೆ. ಆದ್ರೆ ಮುಂದಿನ ವರ್ಷಕ್ಕೆ ಬೀಜ ಸಿಗ್ತದೆ ಅಂತ ನಂಬ್ಕೊಂಡು ಕೂರಬೇಡಿ.

ನೊಣ ಮತ್ತು ಕಹಿ

ಕಾಯಿ ಕಚ್ಚಿದ ಮೇಲೂ ಒಂದು ಶತ್ರು ಇದೆ, ಹಣ್ಣುನೊಣ. ಎಳೆ ಕಾಯಿಗೆ ಚುಚ್ಚಿ ಮೊಟ್ಟೆ ಇಡ್ತದೆ. ಕಾಯಿ ಸೊಟ್ಟಗಾಗಿ ಒಳಗಿಂದ ಕೊಳೀತದೆ. ಪರಾಗ ಸವರಿದ ಎರಡು-ಮೂರು ದಿನದಲ್ಲಿ ತೆಳು ಬಟ್ಟೆ ಚೀಲ ಕಟ್ಟಿಬಿಡಿ. ಹುಳ ಬಿದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಎಸೀಬೇಡಿ, ನೊಣಕ್ಕೆ ಅಲ್ಲೇ ಬಾಣಂತನ ಆಗ್ತದೆ! ಆಳವಾಗಿ ಹೂತುಬಿಡಿ.

ಕಹಿಗೆ ಕಾರಣ ಕುಕುರ್ಬಿಟಾಸಿನ್ ಅನ್ನೋ ಅಂಶ. ಬಿಸಿಲು ಜಾಸ್ತಿಯಾಗಿ ನೀರು ಕಡಿಮೆಯಾದಾಗ ಹೆಚ್ಚುತ್ತದೆ, ತೊಟ್ಟಿನ ಕಡೆ ಹೆಚ್ಚಿರ್ತದೆ. ಆ ತುದಿ ಕತ್ತರಿಸಿ ರುಚಿ ನೋಡಿ. ಇಡೀ ಕಾಯಿ ವಿಪರೀತ ಕಹಿ ಇದ್ದರೆ ತಿನ್ನಬೇಡಿ.

ಹೂವು ಅರಳಿದ 7ರಿಂದ 10 ದಿನಕ್ಕೆ ಕಾಯಿ ಕೊಯ್ಯಿರಿ. ಬಲಿಯೋಕೆ ಬಿಟ್ಟರೆ ಬಳ್ಳಿ ಹೊಸ ಕಾಯಿ ಬಿಡೋದು ಕಡಿಮೆ ಮಾಡ್ತದೆ.

ಒಂದು ಕಾಯಿ ಬೀಜಕ್ಕೆ

ಆದ್ರೆ ಒಳ್ಳೇ ಬಳ್ಳಿಯ ಒಂದು ಕಾಯಿ ಬಿಡಲೇಬೇಕು. ಪಕ್ಕದ ಮನೆಯಲ್ಲಿ ಹೈಬ್ರಿಡ್ ಮುಳ್ಳುಸೌತೆ ಇದ್ದರೆ ಜೇನು ಅದರ ಪರಾಗ ತಂದು ತಳಿ ಬೆರೆಸಬಹುದು. ಹಾಗಾಗಿ ಬೀಜದ ಹೆಣ್ಣು ಹೂವಿಗೆ ಹಿಂದಿನ ಸಂಜೆಯೇ ಕಾಗದದ ಟೋಪಿ ಹಾಕಿ, ಕೈಯಿಂದ ಪರಾಗ ಸವರಿ, ಮತ್ತೆ ಮುಚ್ಚಿ. ಮಂಗಳೂರು ಸೌತೆ ಪಕ್ಕದಲ್ಲಿದ್ದರೆ ಹೆದರಿಕೆ ಬೇಡ. ಅದು ಕರಬೂಜದ ಜಾತಿ. ಮುಳ್ಳುಸೌತೆಗೆ 14 ವರ್ಣತಂತು, ಅದಕ್ಕೆ 24. ಎರಡೂ ಬೆರೆಯೋದಿಲ್ಲ.

ಕಾಯಿ ಪೂರ್ತಿ ಹಣ್ಣಾಗಿ ಬಣ್ಣ ತಿರುಗಿದ ಮೇಲೆ ಕೊಯ್ದು ವಾರ ಇಡಿ. ಬೀಜವನ್ನು ಅದರ ಲೋಳೆಯಲ್ಲೇ ಒಂದೆರಡು ದಿನ ಹುಳಿಬರಿಸಿ. ನೀರು ಹಾಕಿದಾಗ ತಳಕ್ಕೆ ಕೂತದ್ದು ಗಟ್ಟಿ ಬೀಜ, ತೇಲಿದ್ದು ಜೊಳ್ಳು. ಗಟ್ಟಿ ಬೀಜ ತೊಳೆದು, ನೆರಳಲ್ಲಿ ಒಣಗಿಸಿ, ಒಲೆಬೂದಿ ಬೆರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಎತ್ತರದ ಜಾಗದಲ್ಲಿಡಿ. "ಎತ್ತರ" ಅಂತ ಯಾಕೆ ಹೇಳ್ತಿದ್ದೇನೆ ಅಂತ ನಿಮಗೆ ಗೊತ್ತು.

ಚಿಕ್ಕಮ್ಮ ಕೊಟ್ಟ 11ರಲ್ಲಿ ಹುಟ್ಟಿದ್ದು 6, ಉಳಿದಿದ್ದು 4 ಬಳ್ಳಿ. ಆ ಚೌತಿಗೆ ಫಲಾವಳಿಯಲ್ಲಿ ನಮ್ಮನೆ ಸೌತೆಕಾಯಿ ತೂಗಿತು. ಬೀಜ ಒಣಗಿದ ಮೇಲೆ ಅಮ್ಮ ಅದನ್ನು ನಾಲ್ಕು ಪೊಟ್ಟಣ ಕಟ್ಟಿದಳು: ಒಂದು ಚಿಕ್ಕಮ್ಮನಿಗೆ, ಒಂದು ಹೊನ್ನಾವರದ ಅತ್ತೆಗೆ, ಒಂದು ಪಕ್ಕದ ಮನೆಗೆ. "ಎಲ್ಲಾ ನಮ್ಮನೇಲೇ ಇಟ್ಕೊಂಡ್ರೆ ಒಂದೇ ಮಳೆ ಸಾಕು" ಅಂದಳು.

ನೀವೂ ಈ ಮಳೆಗಾಲಕ್ಕೆ ನಾಲ್ಕು ಬೀಜ ಹಾಕಿ. ಹೂವು ಬಂದಾಗ ಫೋಟೊ ತೆಗೆಯೋ ಮೊದಲು ಒಮ್ಮೆ ಹಿಂದೆ ತಿರುಗಿಸಿ ನೋಡಿ. ಮತ್ತೆ ಬೀಜ ಸಿಕ್ಕಾಗ ಯಾರಿಗಾದರೂ ಅರ್ಧ ಕೊಡಿ.